ವಾಲ್ವಿನ ಜಾಗದಲ್ಲಿ ನನ್ನ ಪೈಪು

ನಾನು ಓದು ನಿಲ್ಲಿಸಿದ್ದು ೧೯೯೩ರಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೆ. ನಿಲ್ಲಿಸಿದೆ ಅಂತ ಯಾಕೆ ಹೇಳುತ್ತೇನೆಂದರೆ, ಬಿಡಿಸಿದರು ಅಂತ ಹೇಳಿಕೊಳ್ಳಲು ನನಗೆ ಇಷ್ಟವಿಲ್ಲ. ಇಂಗ್ಲಿಷ್ ಮೇಷ್ಟ್ರು ಎಬ್ಬಿಸಿ ಓದಿಸಿದಾಗ ಪಕ್ಕದಲ್ಲಿದ್ದ ನಂಜುಂಡ ಪಿಸುಗುಟ್ಟಿದ್ದನ್ನೇ ನಾನು ಜೋರಾಗಿ ಹೇಳುತ್ತಿದ್ದೆ. ಅವನು ಪಿಸುಗುಟ್ಟಿದ್ದೂ ತಪ್ಪು ಅನ್ನುವುದು ಇಬ್ಬರಿಗೂ ಏಟು ಬಿದ್ದ ಮೇಲೆ ತಿಳಿಯುತ್ತಿತ್ತು. ಅಂದು ಸ್ಪ್ಯಾನರ್ ಹಿಡಿದವನು ಇನ್ನೂ ಕೆಳಗಿಟ್ಟಿಲ್ಲ. ಈಗ ತುಮಕೂರಿನಲ್ಲಿ ನನ್ನದೇ ಗ್ಯಾರೇಜಿದೆ. ಗಾಡಿ ಇನ್ನೂ ರಸ್ತೆ ತಿರುವಿನಲ್ಲಿರುವಾಗಲೇ ಸದ್ದು ಕೇಳಿ ಅದರ ಕಾಯಿಲೆ ಹೇಳಬಲ್ಲೆ. ಡಿಗ್ರಿ ಮಾಡಿದವರು ಬೈಕು ತಳ್ಳಿಕೊಂಡು ಬಂದು ನನ್ನ ಮುಂದೆ ಬೆವರು ಒರೆಸಿಕೊಳ್ಳುವಾಗ ನನಗೆ ಒಳಗೊಳಗೇ ಆಗುವ ಸಂತೋಷವನ್ನು ಬರೆಯಬಾರದು. ಬರೆದಿದ್ದೇನೆ.

ನಂಜುಂಡ ಗುಬ್ಬಿಯಲ್ಲಿ ಟೈಲರ್. ನನ್ನ ಅಳತೆ ತೆಗೆಯಲು ಅವನಿಗೆ ಟೇಪು ಬೇಕಿಲ್ಲ. ಹೋದ ಸಲಕ್ಕಿಂತ ಹೊಟ್ಟೆ ಎಷ್ಟು ಬಂದಿದೆ ಅಂತ ನೋಡಿಯೇ ಬೈಯುತ್ತಾನೆ. ಅವನ ಬಾಳಿನಲ್ಲಿದ್ದ ಒಂದೇ ಮುಳ್ಳು ಅವನ ಷಡ್ಡಕ. ಹೆಂಡತಿಯ ಅಕ್ಕನ ಗಂಡ, ಹುಲಿಯೂರುದುರ್ಗದವನು, ತೆಂಗಿನ ತೋಟ, ಟ್ರ್ಯಾಕ್ಟರು ಎಲ್ಲ ಇದ್ದವನು. ಮಾವನ ಮನೆಯಲ್ಲಿ ಯಾವ ಹಬ್ಬಕ್ಕೆ ಸೇರಿದರೂ, 'ಏನ್ ನಂಜುಂಡಪ್ಪ, ಇನ್ನೂ ಪೆಡಲ್ ತುಳೀತಾನೇ ಇದೀರಾ?' ಅನ್ನುತ್ತಿದ್ದ. ಹೊಲಿಗೆ ಯಂತ್ರದ ಮೇಲಿನ ಆ ಒಂದು ಮಾತಿಗೆ ಉತ್ತರ ಕೊಡಲು ನಂಜುಂಡ ನಲವತ್ತೈದನೇ ವಯಸ್ಸಿನಲ್ಲಿ, ಬೆಂಗಳೂರಿನ ಯಾರೋ ಓಡಿಸಿ ಬಿಟ್ಟಿದ್ದ ದೊಡ್ಡ ಬೈಕೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದ. ಅದರ ಮೇಲೆ ಕೂತರೆ ಅವನ ಎರಡೂ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಷಡ್ಡಕನ ಹೊಸ ಮನೆಯ ಗೃಹಪ್ರವೇಶಕ್ಕೆ ಅದರಲ್ಲೇ ಹೋಗುವುದು ಅಂತ ತೀರ್ಮಾನವಾಗಿತ್ತು.

ಅದಕ್ಕೆ ವಾರವಿದೆ ಅನ್ನುವಾಗ ಬೈಕು ತಿಣುಕತೊಡಗಿತು. ಇಂಥ ದೊಡ್ಡ ಗಾಡಿಗಳಲ್ಲಿ ಹೊಗೆ ಹೋಗುವ ಪೈಪಿನ ನಡುವೆ ಒಂದು ವಾಲ್ವ್ ಇರುತ್ತದೆ. ರೂಪಾಯಿ ಅಗಲದ ತಗಡು. ಪುಟ್ಟ ಮೋಟಾರೊಂದು ಕೇಬಲ್ ಎಳೆದು ಅದನ್ನು ತೆರೆದು ಮುಚ್ಚಿ ಮಾಡುತ್ತದೆ. ಆ ತಗಡು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹೊಸದು ಬರಲು ಇಪ್ಪತ್ತು ದಿನ ಅಂದರು. 'ಬುಡ್ಲಾ ಅತ್ಲಾಗೆ, ನೆಟ್ಟಗಿರೋ ಪೈಪಿಗೆ ಬಾಗಿಲು ಯಾಕೆ?' ಅಂದೆ ನಾನು. ಲೇತಿನವನ ಹತ್ತಿರ ಅಳತೆಗೆ ಕೊಳವೆ ಕೊಯ್ಯಿಸಿ, ನಾನೇ ವೆಲ್ಡ್ ಮಾಡಿ, ವಾಲ್ವಿನ ಜಾಗದಲ್ಲಿ ಲಿಂಕ್ ಪೈಪ್ ಕೂರಿಸಿದೆ. ಸ್ಟಾರ್ಟ್ ಮಾಡಿದ್ದೇ ತಡ, ಎದುರುಗಡೆ ಬೇಕರಿಯವರು ಶಟರ್ ಕುಸಿಯಿತು ಅಂತ ಹೊರಗೆ ಬಂದರು. ನಂಜುಂಡನ ಮುಖ ಅರಳಿತು. 'ನಾನು ಕುಣಿಗಲ್ ದಾಟೋ ಹೊತ್ಗೆ ಅವ್ನಿಗೆ ಹುಲಿಯೂರುದುರ್ಗದಲ್ಲಿ ಕೇಳ್ಬೇಕು ಕಣ್ಲಾ ಲೋಕಿ' ಅಂದ.

ಒಂದೇ ಒಂದು ತೊಂದರೆ. ಎಳೆಯಲು ವಾಲ್ವೇ ಇಲ್ಲದ ಮೋಟಾರು ದೂರು ಕೊಟ್ಟು, ಮೀಟರಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು. ಕೆಳಗಿನ ಪರದೆಯಲ್ಲಿ ಇಂಗ್ಲಿಷಿನಲ್ಲಿ ಏನೋ ಒಂದು ಸಾಲು.

'ಏನೋ ಬರ್ದದಲ್ಲಾ?'

'ವಾಲ್ವ್ ಎಲ್ಲೋಯ್ತು ಅಂತ ಅಳ್ತೈತೆ. ಅತ್ತು ಅತ್ತು ಸುಮ್ನಾಗ್ತದೆ ಬುಡು' ಅಂದೆ. ದೀಪ ಕಣ್ಣಿಗೆ ಹೊಡೆಯುತ್ತದೆ ಅಂತ ಅದರ ಮೇಲೆ ಕರಿ ಟೇಪಿನ ತುಂಡನ್ನೂ ಅಂಟಿಸಿದೆ. ಆ ಸಾಲನ್ನು ನಾನು ಓದಿರಲಿಲ್ಲ. ಊಹಿಸಿದ್ದೆ. ಊಹೆ ಸರಿಯಾಗಿತ್ತು, ಅದೇ ಆಗಿದ್ದು ಅನಾಹುತ.

ಗೃಹಪ್ರವೇಶದ ದಿನ ನಂಜುಂಡನ ಹೆಂಡತಿ ಮೊದಲೇ ಬಸ್ಸಿನಲ್ಲಿ ಹೋಗಿದ್ದರು. ಇವನು ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ನನ್ನ ಗ್ಯಾರೇಜಿನ ಮುಂದೆ ಒಂದು ಸುತ್ತು ಗುಡುಗಿಸಿ ಹೆಬ್ಬೂರಿನ ದಾರಿ ಹಿಡಿದ. ಹತ್ತೂವರೆಗೆ ಕುಣಿಗಲ್ಲಿನ ಟೀ ಅಂಗಡಿಯಿಂದ ಮೀಟರಿನ ಫೋಟೋ ಕಳಿಸಿ, 'ಬೇರೆ ಥರ ಬರೀತಾ ಐತೆ, ನೋಡ್ಲಾ' ಅಂತ ವಾಯ್ಸ್ ಹಾಕಿದ. ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಅಕ್ಷರಗಳು ಹೆಚ್ಚುಕಮ್ಮಿ ಹಾಗೇ ಇದ್ದವು, ಹಾಗೇ ಇರಲೂ ಇಲ್ಲ. ಪಿಯುಸಿ ಓದುವ ನನ್ನ ಮಗಳು ಅವತ್ತು ರಜಾ ಅಂತ ಗ್ಯಾರೇಜಿನಲ್ಲೇ ಕೂತು ಬಿಲ್ ಬುಕ್ಕಿಗೆ ಸೀಲು ಹೊಡೆಯುತ್ತಿದ್ದಳು. 'ಏನಪ್ಪಾ ಅದು?' ಅಂತ ಕತ್ತು ಚಾಚಿದಳು. 'ಏನಿಲ್ಲ' ಅಂತ ಫೋನು ತಿರುಗಿಸಿ ಹಿಡಿದೆ. ಎರಡು ಗಿರಾಕಿಗಳ ಎದುರಿಗೆ ಮಗಳ ಕೈಲಿ ಓದಿಸಿಕೊಳ್ಳುವುದೇ? 'ಅದೇ ವಾಲ್ವಿನ ಗೋಳು. ಓಡ್ಸು' ಅಂತ ವಾಯ್ಸ್ ಕಳಿಸಿದೆ.

ಅವನು ಓಡಿಸಿದ. ನಾನು ಹೇಳಿದರೆ ಬಾವಿಯೊಳಕ್ಕೂ ಓಡಿಸುವವನು.

ರೇಡಿಯೇಟರಿನ ಫ್ಯಾನು ನಿಂತುಹೋಗಿತ್ತು. ಅದಕ್ಕೂ ವಾಲ್ವಿಗೂ ಸಂಬಂಧವಿಲ್ಲ, ಆದರೆ ಎರಡಕ್ಕೂ ಇದ್ದದ್ದು ಅದೊಂದೇ ದೀಪ. ಹುಲಿಯೂರುದುರ್ಗ ಇನ್ನು ಮೂರು ಕಿಲೋಮೀಟರಿದೆ ಅನ್ನುವಾಗ ಇಂಜಿನ್ ಜಾಮ್ ಆಯಿತು. ಆ ದಾರಿಯಲ್ಲಿ ಸಿಕ್ಕಿದ್ದು ಗೃಹಪ್ರವೇಶಕ್ಕೇ ಅಡುಗೆ ಪಾತ್ರೆ ಸಾಗಿಸುತ್ತಿದ್ದ ಲಗೇಜ್ ಆಟೋ. ಕೊಳದಪ್ಪಲೆಗಳ ನಡುವೆ ಬೈಕನ್ನು ತಬ್ಬಿ ಹಿಡಿದುಕೊಂಡು, ಬಿಳಿ ಶರ್ಟಿನ ತುಂಬ ಮಸಿ ಮಾಡಿಕೊಂಡು ನಂಜುಂಡ ಷಡ್ಡಕನ ಮನೆ ಮುಂದೆ ಇಳಿದ. ಚಪ್ಪರದ ಕೆಳಗೆ ಮಾವನ ಮನೆಯವರೆಲ್ಲ ಇದ್ದರು. 'ಬನ್ನಿ ಬನ್ನಿ, ಐನೋರು ಇನ್ನೂ ಇದಾರೆ. ಮನೆ ಜೊತೆ ಗಾಡಿಗೂ ಒಂದು ಶಾಂತಿ ಮಾಡ್ಸಿಬುಡೋಣ' ಅಂದನಂತೆ ಷಡ್ಡಕ. ಎಲ್ಲರೂ ನಕ್ಕರಂತೆ. ಆಮೇಲೆ ಅವನ ಮಗಳು, ಆರನೇ ಕ್ಲಾಸಿನವಳು, ನಂಜುಂಡನ ಫೋನಿನಲ್ಲಿದ್ದ ಫೋಟೋ ನೋಡಿ, 'ಚಿಕ್ಕಪ್ಪ, ಇಂಜಿನ್ ತುಂಬಾ ಕಾದಿದೆ, ಗಾಡಿ ನಿಲ್ಲಿಸಿ ಅಂತ ಬರ್ದಿದೆ' ಅಂತ ಎಲ್ಲರಿಗೂ ಕೇಳುವಂತೆ ಓದಿದಳಂತೆ.

ಮಾರನೆಯ ದಿನ ನಾನೇ ಹೋಗಿ ಬೈಕು ತಂದೆ. ಇಂಜಿನ್ ಬಿಚ್ಚಿ ಪೂರಾ ಕೆಲಸ ಮಾಡಿದೆ, ಇಪ್ಪತ್ತು ದಿನ ಕಾದು ಹೊಸ ವಾಲ್ವ್ ತರಿಸಿ ಹಾಕಿದೆ, ಒಂದು ಪೈಸೆ ಮುಟ್ಟಲಿಲ್ಲ. ತೆಗೆದುಕೊಂಡು ಹೋಗಲು ಬಂದ ನಂಜುಂಡ ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಕೇಳಿದ: 'ಒಂದು ಮಾತು ಹೇಳು ಕಣ್ಲಾ. ಓದಕ್ಕೆ ಬರ್ಲಿಲ್ವಾ, ಇಲ್ಲಾ ನೋಡ್ಲೇ ಇಲ್ವಾ?'

ಬರಲಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅವನೇನು ಹೊಸಬನೇ, ಒಂದೇ ಬೆಂಚಿನಲ್ಲಿ ಏಟು ತಿಂದವನು. ಆದರೆ ಮೂವತ್ತು ವರ್ಷದಿಂದ ಯಾರ ಮುಂದೆಯೂ ಬಾಗದ ನನ್ನ ಕತ್ತು ಇವನ ಮುಂದೆಯೂ ಬಾಗಲಿಲ್ಲ. 'ಕೆಲಸದ ಗಲಾಟೆ ಕಣ್ಲಾ. ಫೋಟೋ ತೆಗ್ದು ನೋಡ್ಲಿಲ್ಲ' ಅಂದೆ. ಓದು ಬಾರದವನು ಅನ್ನಿಸಿಕೊಳ್ಳುವುದಕ್ಕಿಂತ ಗೆಳೆಯನ ಕಡೆ ತಿರುಗಿಯೂ ನೋಡದವನು ಅನ್ನಿಸಿಕೊಳ್ಳುವುದೇ ವಾಸಿ ಅಂತ ಆ ಗಳಿಗೆಯಲ್ಲಿ ನನಗೆ ತೋಚಿತು. ಇಷ್ಟು ಬುದ್ಧಿಯನ್ನು ಯಾವ ಸ್ಕೂಲೂ ಕಲಿಸುವುದಿಲ್ಲ.

ಅವನು 'ಸರಿ, ಬರ್ತೀನಿ' ಅಂದು ಎದ್ದ. ತಿಂಗಳೊಳಗೆ ಬೈಕು ಮಾರಿದ ಅಂತ ಬೇರೆಯವರಿಂದ ಕೇಳಿದೆ. ಹಬ್ಬಕ್ಕೆ ಬಟ್ಟೆ ತೆಗೆದುಕೊಂಡು ಗುಬ್ಬಿಗೆ ಹೋದೆ. 'ಬನ್ನಿ, ಕೂತ್ಕಳಿ' ಅಂದ. ಟೇಪು ತೆಗೆದು ಕೊರಳು, ಎದೆ, ತೋಳು ಎಲ್ಲ ಅಳೆದು ಪುಸ್ತಕದಲ್ಲಿ ಬರೆದುಕೊಂಡ. ಹೊಟ್ಟೆಯ ವಿಷಯ ಎತ್ತಲಿಲ್ಲ. ಆಮೇಲೆ ಆ ಕಡೆ ಹೋಗಲು ನನಗೆ ಮುಖವಿರಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಗ್ಯಾರೇಜು, ಎರಡು ಲಿಫ್ಟು, ಒಂದು ಕಂಪ್ರೆಸರು, ದಿನಕ್ಕೆ ಏಳೆಂಟು ಗಾಡಿ, ತುಮಕೂರಿನಲ್ಲೇ ಹೊಲಿಸಿದ ಎರಡು ಶರ್ಟು. ಎರಡೂ ಹೊಟ್ಟೆಯ ಹತ್ತಿರ ಬಿಗಿ.