ಬಾಗಿಲು ಮತಕ್ಕೆ ಬಿದ್ದದ್ದು

ನಾಲ್ಕನೇ ತರಗತಿಗೆ ಬಾಗಿಲಿರಲಿಲ್ಲ. ಎಲ್ಲ ರಗಳೆಗೂ ಅದೇ ಮೂಲ. ಇದ್ದ ಬಾಗಿಲು ಗೆದ್ದಲು ತಿಂದು ಬಿದ್ದುಹೋಗಿ ಮೂರು ವರ್ಷವಾಗಿತ್ತು. ಅಂದಿನಿಂದ ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತದ ಆ ಹಳ್ಳಿಯ ಮೇಕೆಗಳೆಲ್ಲ ರುದ್ಜಾನಿ ಮೇಷ್ಟ್ರ ಕ್ಲಾಸಿಗೆ ತಪ್ಪದೆ ಹಾಜರ್. ಒಂದು ಮೇಕೆ ಒಳಗೆ ತಲೆ ಹಾಕಿದರೆ ಸಾಕು, ಅದನ್ನು ಓಡಿಸುವ ನೆಪದಲ್ಲಿ ಮೂವತ್ತೆರಡು ಮಕ್ಕಳೂ ಹೋ ಎಂದು ಹೊರಗೆ ಓಡುತ್ತಿದ್ದವು. ವಾಪಸ್ಸು ಬರುವಷ್ಟರಲ್ಲಿ ಪಾಠದ ಹೊತ್ತೇ ಮುಗಿದಿರುತ್ತಿತ್ತು. ಪ್ರಾಂತ ಸರ್ಕಾರಕ್ಕೆ ಹನ್ನೊಂದು ಅರ್ಜಿ ಬರೆದು ಮೇಷ್ಟ್ರು ಸುಸ್ತಾಗಿದ್ದರು.

ಅವತ್ತು ಬೆಳಿಗ್ಗೆ ಹೆಡ್‌ಮಿಸ್ ಮಸಿಂದಿ ಏದುಸಿರು ಬಿಡುತ್ತ ಬಂದರು.

"ಮೇಷ್ಟ್ರೇ, ಹತ್ತೂವರೆಗೆ ಪ್ರಾಂತದ ಶಿಕ್ಷಣ ಮಂತ್ರಿಗಳು ಬರ್ತಿದಾರಂತೆ! ಪ್ರಾಂತ ಸರ್ಕಾರ ಹೇಗೆ ನಡಿಯತ್ತೆ ಅಂತ ಮಕ್ಕಳನ್ನ ಕೇಳ್ತಾರಂತೆ. ವ್ಯಾನಲ್ಲಿ ನಿಮ್ಮ ಬಾಗಿಲೂ ಬರ್ತಿದೆ. ಮಾನ ಕಳೀಬೇಡ್ರೀ!"

"ಎರಡೇ ಗಂಟೇಲಿ ಸರ್ಕಾರ ಕಲಿಸೋದಾ?"

"ನಡೆಸೋರಿಗೇ ಅಷ್ಟು ಹೊತ್ತು ಸಿಕ್ಕಿರಲ್ಲ. ಶುರು ಮಾಡಿ, ಶುರು ಮಾಡಿ."

ಮೇಷ್ಟ್ರು ಬೆಂಚುಗಳನ್ನು ಎದುರುಬದುರು ಎಳೆದು ಶಾಸನಸಭೆ ಕಟ್ಟಿದರು. "ನೋಡ್ರಪ್ಪಾ, ಜನ ವೋಟು ಹಾಕಿ ಸದಸ್ಯರನ್ನ ಕಳಿಸ್ತಾರೆ. ಸದಸ್ಯರು ಪ್ರಾಂತದ ಮುಖ್ಯಸ್ಥರನ್ನ, ಅಂದ್ರೆ ಪ್ರೀಮಿಯರನ್ನ, ಆರಿಸ್ತಾರೆ. ಪ್ರೀಮಿಯರ್ ಮಂತ್ರಿಗಳನ್ನ ಮಾಡ್ತಾರೆ. ಶಾಲೆ, ಆಸ್ಪತ್ರೆ, ರಸ್ತೆ ಅವರ ತಲೆನೋವು."

ಒಂಬತ್ತು ಮಕ್ಕಳು ಪ್ರೀಮಿಯರ್ ಆಗಲು ಕಿತ್ತಾಡಿ ಇಬ್ಬರು ಅತ್ತರು. ರಸ್ತೆಮಂತ್ರಿ ಆಗಲು ಒಬ್ಬರೂ ಒಪ್ಪಲಿಲ್ಲ. ಗಂಟಲು ದೊಡ್ಡದೆಂದು ರೆಂದಾನಿ ಎಂಬ ಹುಡುಗಿಯನ್ನು ಸ್ಪೀಕರ್ ಮಾಡಿದ್ದಾಯಿತು.

"ಸಾರ್, ಸಭೆ ಒಂದು ಹೇಳಿ ಪ್ರೀಮಿಯರ್ ಇನ್ನೊಂದು ಹೇಳಿದ್ರೆ?" ಎಂದಳು ರೆಂದಾನಿ.

ತಲೆ ಕೆಟ್ಟಿದ್ದ ಮೇಷ್ಟ್ರು ಗುಡುಗಿದರು: "ಸಭೆ ಹೇಳಿದ್ದೇ ಕೊನೆ! ಪ್ರೀಮಿಯರಾದ್ರೂ ಅಷ್ಟೇ, ಅವರಪ್ಪ ಆದ್ರೂ ಅಷ್ಟೇ!"

ಮಂತ್ರಿ ಮೇಡಂ ಬಂದರು. ಕೇಳಿದ್ದಕ್ಕೆಲ್ಲ ಮಕ್ಕಳು ಪಟಪಟನೆ ಉತ್ತರ ಕೊಟ್ಟರು. ಹಿಂದೆಯೇ ಇಬ್ಬರು ಆಳುಗಳು ಹೊಸ ಬಾಗಿಲನ್ನು ಹೊತ್ತು ತಂದರು. ಪೇಂಟಿನ ವಾಸನೆಗೆ ಮೇಷ್ಟ್ರ ಕಣ್ಣು ತುಂಬಿ ಬಂತು.

"ಭಲೇ! ಇಷ್ಟು ಕಲಿತ ಸಭೆಯ ಒಪ್ಪಿಗೆ ಇಲ್ಲದೆ ಬಾಗಿಲು ಹಾಕೋಕಾಗತ್ತಾ? ಮತಕ್ಕೆ ಹಾಕಿ, ಸ್ಪೀಕರಮ್ಮಾ," ಎಂದು ಮಂತ್ರಿಗಳು ನಕ್ಕರು. ಜೊತೆಗೆ ಬಂದಿದ್ದ ಫೋಟೋದವನು ಕ್ಯಾಮೆರಾ ಎತ್ತಿದ.

"ಬಾಗಿಲು ಬೇಕು ಅನ್ನೋರು ಕೈ ಎತ್ತಿ," ಎಂದಳು ರೆಂದಾನಿ.

ಎದ್ದದ್ದು ಒಂದೇ ಕೈ. ಅದು ಮೇಷ್ಟ್ರದು.

"ಇಳಿಸಿ ಸಾರ್, ನಿಮ್ಮನ್ನ ಯಾರೂ ಆರಿಸಿಲ್ಲ. ಬೇಡ ಅನ್ನೋರು?"

ಸ್ಪೀಕರಮ್ಮನನ್ನು ಬಿಟ್ಟು ಉಳಿದ ಮೂವತ್ತೊಂದು ಮಕ್ಕಳೂ ಕೈ ಎತ್ತಿದವು. ಕೆಲವು ಎರಡೂ ಕೈ ಎತ್ತಿದ್ದವು.

"ಅಯ್ಯೋ ಮೇಡಂ, ಇವಕ್ಕೇನು ಗೊತ್ತು! ಮಕ್ಕಳು!" ಮೇಷ್ಟ್ರು ಹೆಚ್ಚುಕಮ್ಮಿ ಅತ್ತೇಬಿಟ್ಟರು.

ಮಂತ್ರಿಗಳ ನಗು ಮಾಯವಾಗಿತ್ತು. ಕ್ಯಾಮೆರಾ ಕಡೆ ಒಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು. "ಸಭೆ ತೀರ್ಮಾನ ಮಾಡಿಬಿಡ್ತಲ್ಲಾ ಮೇಷ್ಟ್ರೇ. ನಾನೇ ಮೀರಿದ್ರೆ ನಾಳೆ ಪೇಪರಲ್ಲಿ ಏನು ಬರತ್ತೆ?"

"ಮೇಡಂ, ನನ್ನ ಆಫೀಸಿನ ಬಾಗಿಲೂ ಸ್ವಲ್ಪ ಹಳೇದಾಗಿದೆ," ಎಂದರು ಮಸಿಂದಿ ಮೆಲ್ಲಗೆ.

ಅರ್ಧ ಗಂಟೆಯಲ್ಲಿ ಬಾಗಿಲು ಅಲ್ಲಿ ಕೂತಿತು. ಮೇಷ್ಟ್ರ ಕೈಗೆ ಒಂದು ಕಾಗದ ಬಂತು: 'ನಾಲ್ಕನೇ ತರಗತಿಗೆ ಬಾಗಿಲು ಒದಗಿಸಲಾಯಿತು. ತರಗತಿಯು ಸರ್ವಾನುಮತದಿಂದ ನಿರಾಕರಿಸಿತು. ಕಡತ ಮುಕ್ತಾಯ.' ಕೆಳಗೆ ತರಗತಿಯ ಶಿಕ್ಷಕರ ಸಹಿಗೆ ಜಾಗ ಬಿಟ್ಟಿತ್ತು.

"ಬೇಗ ಹಾಕ್ರೀ ಮೇಷ್ಟ್ರೇ," ಎಂದರು ಮಸಿಂದಿ, "ನಿಮ್ಮ ಕ್ಲಾಸಲ್ಲಿ ಎಂಥಾ ಗಾಳಿ ಮಾರಾಯ್ರೇ, ಕಾಗದ ಹಾರಿಹೋಗತ್ತೆ."