ಕಲ್ಪತರು ಕಿಂಗ್ ಮತ್ತು ತೋಟದ ಹುಲಿ

ಐವತ್ತು ದಾಟಿದ ಗಂಡಸು ಮೊಬೈಲಿನಲ್ಲಿ ಗೇಮ್ ಆಡುತ್ತೇನೆಂದು ಹೇಳಿಕೊಳ್ಳುವುದಕ್ಕೆ ಒಂದು ಬಗೆಯ ಧೈರ್ಯ ಬೇಕು. ಇಸ್ಪೀಟು ಆಡುತ್ತೇನೆ ಎಂದರೆ ಜನ ಬೈಯುತ್ತಾರೆಯೇ ಹೊರತು ನಗುವುದಿಲ್ಲ. ಗೇಮ್ ಎಂದರೆ ಮೊದಲು ನಗುತ್ತಾರೆ, ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ ಅಯ್ಯೋ ಪಾಪ ಅನ್ನುತ್ತಾರೆ. ನಾನು ತುರುವೇಕೆರೆ ಕಡೆಯ ತೆಂಗಿನ ತೋಟದವನು. ಕಾಯಿ ಕೀಳಿಸಿ ಅಟ್ಟಕ್ಕೆ ಹಾಕಿದ ಮೇಲೆ ಅದು ಒಳಗೊಳಗೇ ಒಣಗಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. ಅಷ್ಟು ದಿನ ಕೊಬ್ಬರಿ ತನ್ನ ಪಾಡಿಗೆ ತನ್ನ ಕೆಲಸ ಮಾಡಿಕೊಳ್ಳುತ್ತದೆ, ನಾನೇನು ಮಾಡಬೇಕು? ಹಬ್ಬಕ್ಕೆ ಬಂದ ಬಾಮೈದ "ಸುಮ್ನೆ ಕೂತಿರ್ತೀರಲ್ಲ ಭಾವ, ಇದನ್ನ ಆಡಿ" ಎಂದು ನನ್ನ ಫೋನಿಗೆ ಒಂದು ಗೇಮ್ ಹಾಕಿಕೊಟ್ಟ. ನಾಲ್ಕು ಜನರ ತಂಡ ಒಂದು ದ್ವೀಪಕ್ಕೆ ಪ್ಯಾರಾಚೂಟಿನಲ್ಲಿ ಇಳಿಯಬೇಕು, ಸಿಕ್ಕಿದ ಕೋವಿ ಹಿಡಿದು ಎದುರಾಳಿಗಳನ್ನು ಹೊಡೆಯಬೇಕು, ಕೊನೆಗೆ ಉಳಿದ ತಂಡ ಗೆದ್ದಂತೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ತಂಡದವರ ಜೊತೆ ಮಾತನ್ನೂ ಆಡಬಹುದು. ಕನ್ನಡದವರದೇ ಒಂದು ಗುಂಪಿದೆ, ಅದರಲ್ಲಿ ಯಾರು ಯಾರ ತಂಡಕ್ಕೆ ಬೇಕಾದರೂ ಬೀಳಬಹುದು. ಬಾಮೈದ ನನಗೆ 'ಕಲ್ಪತರು ಕಿಂಗ್' ಎಂದು ಹೆಸರನ್ನೂ ತಾನೇ ಇಟ್ಟು ಬಸ್ಸು ಹತ್ತಿದ.

ಇದರಿಂದಾದ ನಷ್ಟಗಳನ್ನು ಮೊದಲು ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ನನ್ನ ಹೆಂಡತಿ ಸುಜಾತ ಹೇಳುತ್ತಾಳೆ, ಅವಳು ಹೇಳಿದರೆ ಉದ್ದವಾಗುತ್ತದೆ. ಕತ್ತು ಹಿಡಿದುಕೊಂಡಿದೆ. "ಹಾಲು ನೋಡ್ಕಳಿ" ಎಂದು ಅವಳು ಹಿತ್ತಿಲಿಗೆ ಹೋದಾಗಲೆಲ್ಲ ಹಾಲು ಉಕ್ಕಿದೆ. ನಾನು ಅಲ್ಲೇ ನಿಂತಿರುತ್ತೇನೆ, ಅದೇ ಅವಳಿಗೆ ಇನ್ನೂ ಸಿಟ್ಟು. ಹಸುವಿಗೆ ನೀರಿಡಲು ಹೋದವನು ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಹಸು ಬೇಸತ್ತು ಮಲಗಿಬಿಟ್ಟಿತ್ತು. ಬೀಗರ ಮನೆಯ ಪಂಕ್ತಿಯಲ್ಲಿ ಪಾಯಸ ಬಡಿಸಲು ಬಂದವರಿಗೆ ಸಾಕು ಎನ್ನುವುದರ ಬದಲು, ಆಟದ ಗುಂಗಿನಲ್ಲಿ, ಗುಂಡಿಗೆ ಅಡ್ಡ ನಿಲ್ಲಿ ಎಂದು ತಂಡದವರಿಗೆ ಹೇಳುವ ಹಾಗೆ, "ಕವರ್ ಕೊಡಿ" ಎಂದುಬಿಟ್ಟೆ. ಅವರು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರು ತಂದು, "ಮನೆಗೆ ತಗಂಡೋಗಿ, ಅದಕ್ಕೇನಂತೆ" ಎಂದು ಪಾಯಸ ತುಂಬಿಸಿಕೊಟ್ಟರು. ದಾರಿಯುದ್ದಕ್ಕೂ ಸುಜಾತ ಆ ಕವರನ್ನು ನನ್ನ ಕೈಯಲ್ಲೇ ಹಿಡಿಸಿದಳು.

ಹೋಗಲಿ, ಆಟದಲ್ಲಾದರೂ ಏನಾದರೂ ಸಾಧಿಸಿದೆನೇ ಎಂದರೆ ಅದೂ ಇಲ್ಲ. ಆ ದ್ವೀಪದ ತುಂಬ ತೆಂಗಿನ ಮರಗಳಿವೆ. ಗುಂಡು ಹಾರಿದ ಕೂಡಲೇ ಉಳಿದವರೆಲ್ಲ ಓಡಿಹೋಗಿ ಮರದ ಬುಡದಲ್ಲಿ ಮರೆಯಾಗುತ್ತಾರೆ. ನಾನು ಮಾತ್ರ ಬಯಲಿಗೆ ಬಂದು ನಿಲ್ಲುತ್ತೇನೆ. ಬಲಿತ ಗೊನೆಯ ಕೆಳಗೆ ನಿಲ್ಲಬಾರದು ಎಂದು ನಮ್ಮ ಕಡೆ ಮಕ್ಕಳಿಗೆ ನಡೆಯಲು ಬಂದಾಗಿನಿಂದಲೇ ಹೇಳಿಕೊಡುತ್ತಾರೆ. ಎದುರಿನಿಂದ ಬರುವುದು ಆಟದ ಗುಂಡು ಎಂದು ನನಗೆ ಗೊತ್ತು, ಮೇಲಿರುವುದೂ ಆಟದ ಕಾಯಿಯೇ ಎಂಬುದು ಮಾತ್ರ ಕಾಲಿಗೆ ತಿಳಿಯುವುದಿಲ್ಲ. ಮೊದಲು ತಲೆಯೆತ್ತಿ ಗೊನೆ ನೋಡುತ್ತೇನೆ, ಅಷ್ಟರಲ್ಲಿ ಸತ್ತಿರುತ್ತೇನೆ. ತಂಡದ ಹುಡುಗನೊಬ್ಬ "ಅಂಕಲ್, ನಿಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ವಾ?" ಎಂದು ಕೇಳಿದ. ಹೌದು ಎಂದೆ.

ಒಂದು ಮಧ್ಯಾಹ್ನ ಊಟ ಮುಗಿಸಿ ತೋಟದ ಬೇಲಿಯ ಬಳಿ ಕೂತು ಆಡುತ್ತಿದ್ದೆ. ನಮ್ಮ ತಂಡಕ್ಕೆ 'ತೋಟದ ಹುಲಿ' ಎಂಬ ಹೊಸಬರು ಬಂದರು. ಗುಂಡು ಹಾರಿತು. ಇಬ್ಬರು ಮರದ ಹಿಂದೆ ಓಡಿದರು, ನಾನು ಬಯಲಿನಲ್ಲಿ ನಿಂತೆ. ನೋಡಿದರೆ ಹುಲಿಯೂ ನನ್ನ ಪಕ್ಕದಲ್ಲೇ ನಿಂತಿದೆ. "ಲೇ, ಮರದ ಕೆಳಗೆ ನಿಂತ್ಕಬ್ಯಾಡ್ರಲಾ, ಗೊನೆ ಬಲ್ತೈತೆ, ಕಾಣಾಕಿಲ್ವಾ" ಎಂದು ಬೈದದ್ದು ನನಗೆ ಎರಡು ಸಲ ಕೇಳಿಸಿತು. ಮೊದಲು ಬೇಲಿಯ ಆಚೆಯಿಂದ, ಆಮೇಲೆ ಕಿವಿಯೊಳಗಿನಿಂದ. ಪಕ್ಕದ ತೋಟ ನನ್ನ ಒಡಹುಟ್ಟಿದ ಅಣ್ಣನದು. ನಾವಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಪಾಲಾದಾಗ ತೋಟ ಅರ್ಧ ಅರ್ಧವಾಯಿತು, ಬೋರ್‌ವೆಲ್ಲನ್ನು ಮಾತ್ರ ಅರ್ಧ ಮಾಡಲಾಗಲಿಲ್ಲ. ಒಂದು ದಿನ ಅವನಿಗೆ ನೀರು, ಒಂದು ದಿನ ನನಗೆ ಎಂದಾಯಿತು. ಅವನ ದಿನ ಕರೆಂಟು ಕೈಕೊಟ್ಟರೆ ಮಾರನೆಯ ದಿನವೂ ತನ್ನದೇ ಎಂದು ಅವನು, ಅದು ಹೇಗಾಗುತ್ತದೆ ಎಂದು ನಾನು. ಮಾತಿಗೆ ಮಾತು ಬೆಳೆದು, "ಇನ್ಮೇಲೆ ನಿನ್ನ ಹತ್ರ ಮಾತಾಡಿದ್ರೆ ಕೇಳು" ಎಂದು ಅವನೆಂದ, "ನಾನೇನು ಕಾದು ಕೂತಿಲ್ಲ" ಎಂದು ನಾನೆಂದೆ. ಆಮೇಲೆ ಓಣಿಯಲ್ಲಿ ಎದುರಾದರೆ ಅವನು ಆಕಾಶ ನೋಡುವನು, ನಾನು ಚಪ್ಪಲಿ ನೋಡುವೆನು. ಹಬ್ಬದ ದಿನ ಪಕ್ಕದಲ್ಲಿ ಅಣ್ಣನಿಲ್ಲದೆ ಎಲೆಯ ಮುಂದೆ ಕೂತರೆ ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೂರಣ ಯಾಕೋ ಗಟ್ಟಿಯಾಗಿದೆ ಎಂದು ಸುಜಾತಳ ಮೇಲೆ ಹಾಕುತ್ತಿದ್ದೆ.

ಆ ಮಧ್ಯಾಹ್ನ ಆಟದಲ್ಲಿ ಗುಂಡು ತಗುಲಿ ನಾನು ಬಿದ್ದೆ. ಬಿದ್ದವರನ್ನು ತಂಡದವರು ಬಂದು ಎಬ್ಬಿಸಬಹುದು, ಆದರೆ ಅಷ್ಟರಲ್ಲಿ ಅವರೇ ಸಾಯುವ ಅಪಾಯವಿರುತ್ತದೆ. ಹುಡುಗರು ಕದಲಲಿಲ್ಲ. ಹುಲಿ ಓಡಿ ಬಂತು. "ತಡ್ಕಳ್ರೀ ಕಿಂಗು, ಬತ್ತೀನಿ" ಎಂದಿತು. ಅಣ್ಣ ನನ್ನನ್ನು 'ರೀ' ಎಂದದ್ದು ಹುಟ್ಟಿದ ಮೇಲೆ ಅದೇ ಮೊದಲು. "ಉಪಕಾರ ಆಯ್ತು ಹುಲಿಯವರೇ" ಎಂದೆ. ನನ್ನ ದನಿಯೂ ಅವನಿಗೆ ಎರಡು ಸಲ ಕೇಳಿಸಿರಬೇಕು. ನಾನು ಯಾರೆಂದು ಅವನಿಗೆ ಗೊತ್ತು, ಅವನು ಯಾರೆಂದು ನನಗೆ ಗೊತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ಅಂದಿನಿಂದ ದಿನಾ ಮಧ್ಯಾಹ್ನ ಬೇಲಿಯ ಆ ಕಡೆ ಅವನು, ಈ ಕಡೆ ನಾನು. ಒಂದು ದಿನ ಗುಂಡಿನ ಸದ್ದಿನ ನಡುವೆ ಹುಲಿ ಹೇಳಿತು: "ಕಿಂಗೂ, ನಿಮ್ಗೆ ನಮ್ ಪಕ್ಕದ ತೋಟದೋರು ಸಿಕ್ಕುದ್ರೆ ಹೇಳ್ಬುಡಿ, ನಾಳೆ ನೀರು ಅವ್ರೇ ಬುಟ್ಕಳ್ಳಿ. ನಂಗೆ ಸಾಕಾಗೈತೆ." ನಾನು, "ಹೇಳ್ತೀನಿ ಬುಡಿ. ಇನ್ಮೇಲೆ ನಿಮ್ ದಿನ ಕರೆಂಟು ಹೋದ್ರೆ ಮಾರ್ನೆ ದಿನ ಅವ್ರೂ ಬುಟ್ಕೊಡ್ತಾರಂತೆ" ಎಂದೆ. ಊರಿನ ಹಿರಿಯರು ಜಗಲಿಯಲ್ಲಿ ಕೂತು ಎಷ್ಟೋ ಸಲ ಕಾಫಿ ಕುಡಿದು ಬಗೆಹರಿಸಲಾಗದ ನೀರು ಹೀಗೆ ಬಗೆಹರಿಯಿತು. ಬೆನ್ನ ಹಿಂದೆ ನಿಂತಿದ್ದ ಸುಜಾತ, "ಯಾರ್ರೀ ಅದು ಹುಲಿ? ನಿಮ್ಮಣ್ಣನ ದನಿ ಇದ್ದಂಗೈತಲ್ಲ" ಎಂದಳು. "ಒಂದೇ ಥರದ ದನಿಯೋರು ಎಷ್ಟು ಜನ ಇರಾಕಿಲ್ಲ ಕಣೇ" ಎಂದೆ. ಅವಳು ಸುಮ್ಮನೆ ನಕ್ಕಳು. ಈ ಗೇಮ್ ಮಾಡಿದವರು ಯಾವ ದೇಶದವರೋ ನನಗೆ ಗೊತ್ತಿಲ್ಲ. ಎಲ್ಲೇ ಇರಲಿ, ಅವರ ಹೊಟ್ಟೆ ತಣ್ಣಗಿರಲಿ ಎಂದು ದಿನಾ ಅಂದುಕೊಳ್ಳುತ್ತೇನೆ.

ಹೀಗಿರುವಾಗ ಒಂದು ಸೋಮವಾರ ಹುಲಿ ಬರಲಿಲ್ಲ. ಮಂಗಳವಾರವೂ ಇಲ್ಲ. ಬೇಲಿಯ ಆಚೆ ಸದ್ದೂ ಇಲ್ಲ. ನನ್ನನ್ನು ಎಬ್ಬಿಸುವವರಿಲ್ಲದೆ ಆಟಕ್ಕೊಂದು ಸಲ ಸತ್ತೆ, ರ‍್ಯಾಂಕು ಜರ್ರನೆ ಇಳಿಯಿತು. ಅದಕ್ಕಿಂತ ಹೆಚ್ಚಾಗಿ ಅಣ್ಣನ ಬಿಪಿ ನೆನಪಾಗಿ ಬೇಲಿಯ ಸಂದಿಯಲ್ಲಿ ಮತ್ತೆ ಮತ್ತೆ ಇಣುಕಿದೆ. ಬುಧವಾರ ಬೆಳಿಗ್ಗೆ ಸುಜಾತ ನನ್ನ ಮುಖ ನೋಡಿದವಳೇ, "ಹೋಗಿ ನೋಡ್ಕಂಡು ಬನ್ರೀ. ಆ ಮನೆ ಬಾಗ್ಲೇನು ಕಚ್ಚಾಕಿಲ್ಲ" ಎಂದಳು. ಹೋದೆ. ಬಾಗಿಲಿಗೆ ಬಂದ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡರು. "ಒಳಗೆ ಬಾರಪ್ಪ" ಎಂದಷ್ಟೇ ಹೇಳಿ ಕಾಫಿಗಿಡಲು ಹೋದರು.

ಅಣ್ಣ ಮಂಚದ ಮೇಲೆ ಗುಂಡುಕಲ್ಲಿನಂತೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಫೋನು ಪಕ್ಕದಲ್ಲೇ ಇತ್ತು. ತಲೆ ಪೂರ್ತಿ ನೆರೆತುಹೋಗಿತ್ತು. ಅದು ಯಾವಾಗ ನೆರೆಯಿತೋ ನಾನು ನೋಡಿಯೇ ಇರಲಿಲ್ಲ. "ಈವಾಗ ಬಂದ್ಯಾ" ಎಂದ. "ಗೇಮಿಗೆ ಬರ್ದಿದ್ರೆ ಮನೆಗಾದ್ರೂ ಬತ್ತೀಯೇನೋ ಅಂತ ಕಾಯ್ತಿದ್ದೆ. ಆಡ್ದೆ ಕೈಯೆಲ್ಲ ನವೆಯಾಗೋಗೈತೆ ಕಣ್ಲಾ." ನಾನೂ ಒಂದು ಕಡಲೆಕಾಯಿ ಎತ್ತಿಕೊಂಡು ಬಿಡಿಸಿದೆ. "ನನ್ನ ನೋಡಾಕೇ ಬಂದ್ಯಾ?" ಎಂದ. "ಹೂಂ ಕಣಣ್ಣ" ಎಂದೆ. ಅವನು ನನ್ನ ಕತ್ತಿನಲ್ಲಿ ನೇತಾಡುತ್ತಿದ್ದ ಇಯರ್‌ಫೋನನ್ನು ನೋಡಿದ. "ಅರ್ಧ ಸುಳ್ಳು" ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟ. "ಕೂತ್ಕ. ಎಷ್ಟಕ್ಕಿಳ್ದಿದ್ದೀಯ, ತೋರ್ಸು." ಫೋನು ತೆಗೆದು ನನ್ನ ರ‍್ಯಾಂಕು ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದ, ಅವನ ಮುಖ ಹಬ್ಬದಂತಾಯಿತು. ಅಡುಗೆಮನೆಯ ಕಡೆ ತಿರುಗಿ, "ನೋಡು ಬಾರೇ ಇಲ್ಲಿ, ನಾನಿಲ್ದಿದ್ರೆ ಇವ್ನು ಏನೇನೂ ಅಲ್ಲ" ಎಂದು ಅತ್ತಿಗೆಯನ್ನು ಕೂಗಿದ. ಅವನು ಹೇಳಿದ್ದು ಗೇಮಿನ ವಿಷಯ. ಆದರೂ ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.