ನಾಳೆಗೆ ನೂರಕ್ಕೆ ನೂರು

ದೊಡ್ಡವರ ಟ್ಯೂಷನ್ನಿನಲ್ಲಿ ಇಂಗ್ಲಿಷ್ ಮೇಷ್ಟ್ರು ನಿನ್ನೆ ಕೊಟ್ಟ ಹೋಮ್‌ವರ್ಕ್ ಒಂದೇ ಒಂದು ವಾಕ್ಯ: ನಾಳೆ ಏನಾಗುತ್ತದೆ, ಇಂಗ್ಲಿಷಿನಲ್ಲಿ ಬರೆದು ತನ್ನಿ. ಗ್ರಹಚಾರ ಕೆಡಲು ಅಷ್ಟು ಸಾಕಾಯಿತು.

ಇವತ್ತು ಹನ್ನೊಂದಕ್ಕೆ ಟ್ಯೂಷನ್ ಮಾಲೀಕರು ಬರುವವರಿದ್ದರು. ಕಲಿಯುವವರು ಇಂಗ್ಲಿಷಿನಲ್ಲಿ ಬಾಯಿ ಬಿಟ್ಟರೆ ಮೇಷ್ಟ್ರ ಕೆಲಸ ಉಂಟು, ಇಲ್ಲದಿದ್ದರೆ ಗಂಟುಮೂಟೆ.

ಮೇಷ್ಟ್ರು ಕಟಿಂಗ್ ಶಾಪಿನವನ ಪುಸ್ತಕ ತೆಗೆದರು. ‘ಟುಮಾರೋ ಕರೆಂಟ್ ವಿಲ್ ಗೋ.’ ರೈಟ್ ಹಾಕಲು ಪೆನ್ ಎತ್ತಿದರು, ಕರೆಂಟ್ ಹೋಯಿತು. ಕಿಟಕಿಯಿಲ್ಲದ ಕೋಣೆ ಮುಚ್ಚಿದ ಬಾವಿಯಂತಾಯಿತು.

ಮೊಬೈಲ್ ಬೆಳಕಿನಲ್ಲಿ ಟೈಲರಮ್ಮನ ಪುಸ್ತಕ ಓದಿದರು. ‘ಟುಮಾರೋ ಬ್ಲ್ಯಾಕ್ ಡಾಗ್ ವಿಲ್ ಕಮ್.’ ಕಾಲಿನ ಹತ್ತಿರ ಏನೋ ಬಿಸಿಯಾಗಿ ಉಸಿರಾಡಿತು. ಬೆಳಕು ಬಗ್ಗಿಸಿದರೆ ಎರಡು ಹಸಿರು ಕಣ್ಣು!

ಯಾರೂ ಬೆಚ್ಚಲಿಲ್ಲ. ಬಸ್ಸು ಸರಿಯಾದ ಟೈಮಿಗೆ ಬಂದ ಹಾಗೆ, ಕತ್ತಲಲ್ಲಿ ಹದಿಮೂರು ತಲೆಗಳು ಸಮಾಧಾನದಿಂದ ಅಲ್ಲಾಡಿದವು.

ಮುಂದಿನದು ಬಡಗಿಯ ಪುಸ್ತಕ. ‘ಟುಮಾರೋ ಟೀಚರ್ ವಿಲ್ ಫಾಲ್.’ ಮೇಷ್ಟ್ರು ಜಾಣತನದಿಂದ ತಟ್ಟನೆ ಕುರ್ಚಿಯಲ್ಲಿ ಕೂತರು. ಕುರ್ಚಿಯ ಕಾಲು ಲಟಕ್ ಎಂದಿತು.

ಬೆಳಕು ಬಂದಾಗ ಬಾಗಿಲಲ್ಲಿ ಮಾಲೀಕರಿದ್ದರು. ನೆಲದಲ್ಲಿ ಮೇಷ್ಟ್ರು, ಮೇಷ್ಟ್ರ ಮೇಲೆ ನಾಯಿ.

“ಏನ್ರೀ ಇದು ಅವತಾರ?”

“ಸಾರ್, ಇವ್ರು ಬರ್ದಿದ್ದೆಲ್ಲಾ ಆಗ್ತಿದೆ ಸಾರ್!”

“ಆಗ್ದೇ ಇರುತ್ತಾ? ಮೇನ್ ಸ್ವಿಚ್ ಆರಿಸಿದ್ದು ನಾನೇ ಅಲ್ವಾ,” ಎಂದ ಕಟಿಂಗ್ ಶಾಪಿನವನು.

“ನಾಯಿ ನಮ್ಮನೇದು,” ಎಂದಳು ಟೈಲರಮ್ಮ.

“ಕಾಲು ಕೊಯ್ದಿದ್ದು ಮಾತ್ರ ನೀಟಾಗಿ ಬಂತು ಸಾರ್,” ಎಂದು ಬಡಗಿ ನಾಚಿದ.

“ಅಯ್ಯೋ, ಯಾಕ್ರಪ್ಪಾ?” ಎಂದರು ಮೇಷ್ಟ್ರು.

ಮುಂದಿನ ಬೆಂಚಿನ ಅಜ್ಜಿ ಬಿಡಿಸಿ ಹೇಳಿದರು: “ಹೋದ ವಾರ ನಾನು ನಾಳೆ ಮಳೆ ಬರುತ್ತೆ ಅಂತ ಬರ್ದೆ. ಮಳೆ ಬರ್ಲಿಲ್ಲ, ನೀವು ಕೆಂಪು ಗೀಟು ಎಳೆದ್ರಿ. ಬರ್ದಿದ್ದು ಆಗ್ದಿದ್ರೆ ಸೊನ್ನೆ ಅಂತ ಅವತ್ತೇ ನಮ್ಗೆಲ್ಲಾ ಗೊತ್ತಾಯ್ತು.”

ಮಾಲೀಕರು ಹೊಟ್ಟೆ ಹಿಡಿದು ನಕ್ಕರು. “ಎಂಥಾ ಶ್ರದ್ಧೆ! ಎಲ್ಲಿ, ಈ ಕ್ಲಾಸಲ್ಲಿ ನಾಳೆ ಏನಾಗುತ್ತೆ, ನೀವೇ ಹೇಳಿ ಅಜ್ಜಿ. ತಪ್ಪಿಲ್ದೆ ಹೇಳಿದ್ರೆ ಮೇಷ್ಟ್ರು ಇಲ್ಲಿ ಪರ್ಮನೆಂಟು.”

ಅಜ್ಜಿ ತಮಗೆ ಗೊತ್ತಿದ್ದ ಪದಗಳನ್ನೆಲ್ಲ ತಡಕಾಡಿದರು. “ಟುಮಾರೋ... ನ್ಯೂ... ಟೀಚರ್... ವಿಲ್ ಕಮ್!”

“ಶಭಾಷ್! ಒಂದೂ ತಪ್ಪಿಲ್ಲ!” ಮಾಲೀಕರು ಚಪ್ಪಾಳೆ ತಟ್ಟಿ, ಮೇಷ್ಟ್ರ ಕೈ ಕುಲುಕಿ ಹೊರಟೇಹೋದರು.

ಮೇಷ್ಟ್ರು ಅಜ್ಜಿಯ ಬೆಂಚಿಗೆ ಧಾವಿಸಿದರು. “ಅಜ್ಜೀ, ಬರಬಹುದು ಅನ್ನಿ! ‘ಮೇ ಕಮ್’ ಅನ್ನಿ!”

“ಬರಬಹುದು ಅಂದ್ರೆ ಬರ್ದೇನೂ ಇರಬಹುದು ಮೇಷ್ಟ್ರೇ. ಸುಮ್ನೆ ಯಾಕೆ ಮಾರ್ಕು ಕಳ್ಕೊಳ್ಳೋದು?”

ಬಡಗಿ ಎದ್ದು ಹೋಗಿ, ಸದ್ದಾಗದಂತೆ ಬಾಗಿಲ ಚಿಲಕ ಹಾಕಿದ. ಹದಿಮೂರು ಜನ ಮೇಷ್ಟ್ರನ್ನೇ ನೋಡಿದರು, ತುಂಬ ಪ್ರೀತಿಯಿಂದ.

“ಮೇಷ್ಟ್ರೇ,” ಅಜ್ಜಿ ಮೆಲ್ಲಗೆ ಕೇಳಿದರು, “ಸಂಜೆ ಒಬ್ರೇ ಹೋಗ್ತೀರಾ ಮನೆಗೆ?”